‘ರಿಡಂಡೆಂಟ್’ ಅಂದರೆ ಹೆಚ್ಚುವರಿಯೇ?

ಎಲ್ಲರಿಗೂ ನಮಸ್ಕಾರ.

ನಮ್ಮ ಭಾವ ಮದುವೆ ಫೋಟೊ ತೆಗೆಯುವವರು. ಮನೆಯ ಕಂಪ್ಯೂಟರಿಗೆ ರೇಡ್ ಕಾರ್ಡ್ ಹಾಕಿಸಬೇಕು, ಯಾವುದು ತಗೊಳ್ಳಲಿ ಅಂತ ಕೇಳಿದರು. (ರೇಡ್ ಅಂದರೆ ಹಲವು ಡಿಸ್ಕುಗಳನ್ನು ಒಂದೇ ಡಿಸ್ಕಿನಂತೆ ದುಡಿಸುವ ಏರ್ಪಾಡು.) ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲವೆಂದು ಒಂದು ಪುಟ ಕನ್ನಡದಲ್ಲೇ ಬರೆದುಕೊಡಲು ಕೂತೆ. ಮೊದಲ ಸಾಲಿನಲ್ಲೇ ಸಿಕ್ಕಿಬಿದ್ದೆ.

1988ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ ‘ರೇಡ್’ (ರಿಡಂಡೆಂಟ್ ಅರೇ ಆಫ್ ಇನೆಕ್ಸ್‌ಪೆನ್ಸಿವ್ ಡಿಸ್ಕ್ಸ್) ಎಂದು ಹೆಸರಿಟ್ಟಾಗ ಅದರೊಳಗಿನ ‘ಐ’ಗೆ ‘ಅಗ್ಗದ’ ಅಂತ ಅರ್ಥವಿತ್ತು: ದುಬಾರಿಯ ಒಂದು ದೊಡ್ಡ ಡಿಸ್ಕಿನ ಬದಲು ಅಗ್ಗದವು ಹಲವು. ಆಮೇಲೆ ಅದು ‘ಇಂಡಿಪೆಂಡೆಂಟ್’, ಅಂದರೆ ‘ಸ್ವತಂತ್ರ’ ಆಯಿತು. (ಮಾರುವವರು ತಮ್ಮ ಸರಕನ್ನು ಅಗ್ಗ ಅಂದುಕೊಂಡಾರೆಯೇ!) ‘ಅರೇ’ಗೆ ‘ಸಾಲು’ ಸಾಕು. ‘ರಿಡಂಡೆಂಟ್’ ಮಾತ್ರ ಜಗ್ಗುತ್ತಿಲ್ಲ.

‘ಹೆಚ್ಚುವರಿ’ ಅಂತ ಬರೆದೆ. ನಮ್ಮಲ್ಲಿ ಹೆಚ್ಚುವರಿ ಶಿಕ್ಷಕರು ಅಂದರೆ ಇದ್ದ ಶಾಲೆಯಿಂದ ವರ್ಗವಾಗುವವರು. ಭಾವ ಓದಿ, ‘ಹೆಚ್ಚುವರಿ ಡಿಸ್ಕ್ ಈಗಲೇ ಯಾಕೆ, ಮುಂದೆ ನೋಡೋಣ ಬಿಡಿ’ ಅಂದರು. ‘ಸ್ಟೆಪ್ನಿ’ ಥಟ್ಟನೆ ತಿಳಿಯುತ್ತದೆ, ಆದರೆ ಸ್ಟೆಪ್ನಿ ಡಿಕ್ಕಿಯಲ್ಲಿ ಮಲಗಿರುತ್ತದೆ. ಅದು ‘ಹಾಟ್ ಸ್ಪೇರ್’ಗೆ, ಅಂದರೆ ಒಂದು ಡಿಸ್ಕ್ ಕೆಟ್ಟಾಗ ಅದರ ಜಾಗಕ್ಕೆ ಬರಲು ಸುಮ್ಮನೆ ಕಾದಿರುವ ಡಿಸ್ಕಿಗೆ, ಒಪ್ಪುವ ಮಾತು. ಇಲ್ಲಿ ಡಿಸ್ಕುಗಳು ಒಟ್ಟಿಗೇ ದುಡಿಯುತ್ತಿರಬೇಕು, ಒಂದು ಕೆಟ್ಟರೂ ಕೆಲಸ ನಿಲ್ಲಬಾರದು. ‘ಜೋಡೆತ್ತು’? ಒಂದೆತ್ತು ಕುಂಟಿದರೆ ಗಾಡಿಯೇ ನಿಂತಿತು. ಅದು ರೇಡ್ ಸೊನ್ನೆಗೆ ಸರಿಯಾಗಿ ಕೂರುತ್ತದೆ: ಫೈಲನ್ನು ಚೂರು ಮಾಡಿ ಎರಡು ಡಿಸ್ಕಿಗೆ ಹಂಚುವುದರಿಂದ ವೇಗ ಸಿಗುತ್ತದೆ, ಒಂದು ಹೋದರೆ ಎಲ್ಲವೂ ಹೋಯಿತು.

ಒಂದೇ ಫೈಲನ್ನು ಎರಡು ಡಿಸ್ಕಿನಲ್ಲೂ ಬರೆದಿಡುವ ‘ಮಿರರಿಂಗ್’ಗೆ ‘ಪ್ರತಿಬಿಂಬ’ಕ್ಕಿಂತ ‘ಪಡಿಯಚ್ಚು’ ನನಗಿಷ್ಟ. ಎದುರಿನ ವಸ್ತು ಹೋದರೆ ಬಿಂಬವೂ ಹೋಗುತ್ತದೆ, ಪಡಿಯಚ್ಚು ಉಳಿಯುತ್ತದೆ. ‘ಪ್ಯಾರಿಟಿ’ಗೆ ‘ಸಮತೆ’ ಯಾಕೆ, ಹುಣಸೆಬೀಜ ಮುಷ್ಟಿಯಲ್ಲಿ ಹಿಡಿದು ಆಡುವ ‘ಸರಿಬೆಸ’ ಇದೆಯಲ್ಲ! ರೇಡ್ ಐದರಲ್ಲಿ ಒಂದು ಡಿಸ್ಕಿನಲ್ಲಿ 1, ಇನ್ನೊಂದರಲ್ಲಿ 0 ಇದ್ದರೆ ಮೂರನೆಯದರಲ್ಲಿ 1 ಬರೆದು ಒಂದುಗಳ ಎಣಿಕೆಯನ್ನು ಸರಿಸಂಖ್ಯೆ ಮಾಡಿಡುತ್ತದೆ. ಯಾವುದೇ ಒಂದು ಡಿಸ್ಕಿನದು ಅಳಿಸಿದರೂ ಉಳಿದೆರಡನ್ನು ನೋಡಿ ಹೇಳಿಬಿಡಬಹುದು. ಈ ಲೆಕ್ಕ ಬರೆದಿಡುವ ಸರದಿ ಮೂರೂ ಡಿಸ್ಕುಗಳಿಗೆ ಬರುತ್ತಿರುತ್ತದೆ. 4 ಟಿಬಿಯ ಮೂರು ಹಾಕಿದರೆ 8 ಟಿಬಿ ಬಳಕೆಗೆ.

‘ಕಂಟ್ರೋಲರ್’ಗೆ ಎಲ್ಲರೂ ‘ನಿಯಂತ್ರಕ’ ಅನ್ನುತ್ತಾರೆ. ನನ್ನ ತಕರಾರು ಇಲ್ಲಿದೆ: ಅಂಗಡಿಯಲ್ಲಿ ಆ ಹೆಸರಿಗೆ ಎರಡು ಬೇರೆ ಬೇರೆ ಸರಕು ಸಿಗುತ್ತದೆ. ಒಂದರಲ್ಲಿ ತನ್ನದೇ ಪ್ರೊಸೆಸರ್, ಮೆಮೊರಿ, ಕರೆಂಟ್ ಹೋದರೆ ಬರೆಯದೆ ಉಳಿದದ್ದನ್ನು ಕಾಯಲು ಬ್ಯಾಟರಿ. ಅದು ನಿಜಕ್ಕೂ ಯಜಮಾನಿಕೆ ಮಾಡುತ್ತದೆ. ಕಾರ್ಡ್ ಸುಟ್ಟುಹೋದರೆ ಡಿಸ್ಕ್ ಓದಲು ಅದೇ ಜಾತಿಯ ಕಾರ್ಡ್ ಹುಡುಕಬೇಕಾದೀತು. ಇನ್ನೊಂದು ಎಚ್‌ಬಿಎ (ಹೋಸ್ಟ್ ಬಸ್ ಅಡಾಪ್ಟರ್). ಅದು ಡಿಸ್ಕುಗಳನ್ನು ಇದ್ದ ಹಾಗೇ ಕಂಪ್ಯೂಟರಿಗೆ ಒಪ್ಪಿಸಿ ಸುಮ್ಮನಾಗುತ್ತದೆ, ಉಳಿದದ್ದು ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ಮಿನ ಪಾಲು. ಭಾವನ ಹತ್ತಿರ ಆರು ಡಿಸ್ಕ್ ಇವೆ, ಮದರ್‌ಬೋರ್ಡಿನಲ್ಲಿ ಡಿಸ್ಕ್ ಜೋಡಿಸಲು ನಾಲ್ಕೇ ಸಾಟಾ ಕಿಂಡಿ. ಎಚ್‌ಬಿಎ ಸಾಕು ಅಂದೆ. ಇದನ್ನೂ ‘ನಿಯಂತ್ರಕ’ ಅಂದರೆ ಕೊಳ್ಳುವವರು ಮೋಸಹೋಗುತ್ತಾರೆ. ‘ಕೊಂಡಿ ಕಾರ್ಡ್’ ಅಂದರೆ ನಡೆದೀತೇ?

‘ರಿಡಂಡೆಂಟ್’ಗೆ ಸದ್ಯ ‘ಒತ್ತಾಸೆ’ ಎಂದು ಬರೆದಿಟ್ಟಿದ್ದೇನೆ: ‘ಒತ್ತಾಸೆಯ ಡಿಸ್ಕ್ ಸಾಲು’. ಜೊತೆಗೇ ನಿಂತು ಆತುಕೊಳ್ಳುವ ಅರ್ಥ ಅದರಲ್ಲಿದೆ. ಆದರೆ ಭಾವ ಅದನ್ನು ಬ್ಯಾಕಪ್ ಅಂದುಕೊಂಡರೆ ಎಂಬ ಭಯ. ತಪ್ಪಿ ಒಂದು ಫೋಟೊ ಡಿಲೀಟ್ ಮಾಡಿದರೆ ಪಡಿಯಚ್ಚಿನಿಂದಲೂ ಆಗಲೇ ಅಳಿದುಹೋಗುತ್ತದಲ್ಲ. ಇದಕ್ಕಿಂತ ಬಿಗಿಯಾದ ಪದ ನಿಮ್ಮ ಕಡೆ ಬಳಕೆಯಲ್ಲಿದ್ದರೆ ತಿಳಿಸಿ.