ಗುಂಡ ಹೆದರಿದ್ದಾನೆ, ಅಣ್ಣಾ

ಶನಿವಾರ ಬೆಳಿಗ್ಗೆ ನಮ್ಮ ಮನೆಯವರ ವಾಟ್ಸಾಪ್ ಗುಂಪಿಗೆ ಅಣ್ಣ ಹಿಂದಿನ ಸಂಜೆ ತೆಗೆದ ಒಂದು ವಿಡಿಯೋ ಹಾಕಿದ. ಅವನ ಮನೆಯ ನಾಯಿಮರಿ ಗುಂಡನಿಗೆ ಈಗ ಐದು ತಿಂಗಳು. ಎದುರಿಗೆ ಕಚ್ಚಿ ಚೂರು ಮಾಡಿದ ಚಪ್ಪಲಿ. "ಯಾರೋ ಇದು ಮಾಡಿದ್ದು? ಹೇಳೋ, ಯಾರು?" ಅಂತ ಅಣ್ಣನ ದನಿ. ಗುಂಡ ತಲೆ ತಗ್ಗಿಸಿ, ಕಿವಿ ಹಿಂದಕ್ಕೆ ಮಾಡಿ, ಗೋಡೆಗೆ ಅಂಟಿಕೊಂಡು ನಿಂತಿದ್ದಾನೆ. ಇಪ್ಪತ್ತು ಸೆಕೆಂಡಿನ ವಿಡಿಯೋ. ನಾನು ನಾಲ್ಕು ಸಲ ನೋಡಿದೆ.

ಅಣ್ಣ: ನೋಡಿ ನಮ್ಮ ಕಳ್ಳನನ್ನು. ತಪ್ಪು ಮಾಡಿದ್ದು ಮುಖದಲ್ಲೇ ಕಾಣುತ್ತಿದೆ.

ಚಿಕ್ಕಮ್ಮ: ಅಯ್ಯೋ, ಎಷ್ಟು ಮುದ್ದಾಗಿ ನಿಂತಿದ್ದಾನೆ!

ಭಾವ: ನಗು ತಡೆಯೋಕಾಗಲಿಲ್ಲ. ಆಫೀಸ್ ಗುಂಪಿಗೂ ಕಳಿಸಿದೆ.

ನಾನು: ಅಣ್ಣಾ, ಬೇಜಾರು ಮಾಡ್ಕೋಬೇಡ. ಅದು ತಪ್ಪು ಒಪ್ಪಿಕೊಂಡ ಮುಖ ಅಲ್ಲ. ಅವನು ಹೆದರಿದ್ದಾನೆ. ದನಿ ಪೂರ್ತಿ ಕಡಿಮೆ ಮಾಡಿ ಇನ್ನೊಂದು ಸಲ ನೋಡು. ಬಾಲ ಹೊಟ್ಟೆ ಕೆಳಗೆ ಸೇರಿದೆ. ಹತ್ತನೇ ಸೆಕೆಂಡಿನಲ್ಲಿ ತುಟಿ ನೆಕ್ಕಿಕೊಳ್ಳುತ್ತಾನೆ. ಆಮೇಲೆ ಆಕಳಿಸುತ್ತಾನೆ, ಅದು ನಿದ್ದೆಯ ಆಕಳಿಕೆ ಅಲ್ಲ. ಮುಖ ಆಚೆ ತಿರುಗಿಸಿದ್ದರೂ ಕಣ್ಣು ನಿನ್ನ ಮೇಲೇ ಇದೆ, ಕಣ್ಣಿನ ಬಿಳಿ ಕಾಣುತ್ತಿದೆ. "ಸಾಕು, ಬಿಟ್ಟುಬಿಡು" ಅಂತ ನಾಯಿ ಕೇಳಿಕೊಳ್ಳುವುದು ಹೀಗೆ.

ಅಣ್ಣ: ಬೆಳಿಗ್ಗೆ ಬೆಳಿಗ್ಗೆ ಪಾಠ ಬೇಡ ಕಣೇ. ನಾನು ಅವನ ಮೈ ಮುಟ್ಟಿಲ್ಲ. ಬರೀ ಬಾಯಲ್ಲಿ ಬೈದೆ. ಮೊನ್ನೆ ತಾನೇ ತಂದ ಚಪ್ಪಲಿ ಅದು.

ದೊಡ್ಡಪ್ಪ: ನಾವು ಸಾಕುವಾಗ ಪೇಪರ್ ಸುತ್ತಿ ಮೂತಿಗೆ ಒಂದು ಪೆಟ್ಟು ಕೊಡುತ್ತಿದ್ದೆವು. ಎರಡು ಸಲ ಬಿದ್ದರೆ ಮೂರನೇ ಸಲ ಆ ತಂಟೆಗೇ ಹೋಗುತ್ತಿರಲಿಲ್ಲ.

ಅಣ್ಣ: ನೋಡು, ದೊಡ್ಡಪ್ಪನೇ ಹೇಳ್ತಿದ್ದಾರೆ. ಇನ್ನೊಂದು ಕೇಳು. ನಾನು ಬೈಯುವ ಮೊದಲೇ, ಬಾಗಿಲು ತೆಗೆದ ಕೂಡಲೇ ಹೋಗಿ ಮೂಲೆ ಸೇರಿದ. ನಾನಿನ್ನೂ ಚಪ್ಪಲಿ ನೋಡಿಯೇ ಇರಲಿಲ್ಲ. ತಪ್ಪು ಅಂತ ಗೊತ್ತಿದ್ದಕ್ಕೇ ಹೋಗಿದ್ದು, ಅಲ್ವಾ?

ಈ ಪ್ರಶ್ನೆಯನ್ನು ನಾಯಿ ಸಾಕಿದವರೆಲ್ಲ ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ನಾನು ಉತ್ತರ ಬರೆಯುತ್ತಿದ್ದೆ, ಅಷ್ಟರಲ್ಲಿ ಅತ್ತಿಗೆ ಬಂದರು.

ಅತ್ತಿಗೆ: ರೀ, ಹೋದ ವಾರ ನಾನೇ ಹಳೇ ಕಾಗದ ಹರಿದು ನೆಲದ ಮೇಲೆ ಬಿಟ್ಟಿದ್ದೆ, ನೆನಪಿದೆಯಾ? ಗುಂಡ ಅದನ್ನು ಮುಟ್ಟಿರಲಿಲ್ಲ. ನನ್ನ ಕಾಲ ಹತ್ತಿರ ಮಲಗಿದ್ದ. ನೀವು ಒಳಗೆ ಬಂದಿದ್ದೇ ತಡ, ಹೀಗೇ ಎದ್ದು ಮೂಲೆಗೆ ಹೋದ. ಅವತ್ತು ಅವನೇನು ತಪ್ಪು ಮಾಡಿದ್ದ?

ನಾನು: ಇದನ್ನೇ ಬರೆಯುತ್ತಿದ್ದೆ ಅತ್ತಿಗೆ. ನೆಲದ ಮೇಲೆ ಚೂರು ಬಿದ್ದಿದೆ, ಅಣ್ಣ ಬಂದ, ಇನ್ನು ಬೈಗುಳ ಶುರು. ಗುಂಡ ಕಲಿತಿರುವುದು ಇಷ್ಟು. ಚೂರು ಮಾಡಿದ್ದು ತಾನು ಅನ್ನುವುದಕ್ಕೂ ಬೈಗುಳಕ್ಕೂ ಅವನ ತಲೆಯಲ್ಲಿ ಗಂಟು ಬಿದ್ದಿಲ್ಲ. ಅವನು ಕಚ್ಚಿದ್ದು ಮಧ್ಯಾಹ್ನ, ನೀನು ಬೈದಿದ್ದು ಸಂಜೆ.

ಭಾವ: ಇದು ನಿನ್ನ ಊಹೆಯೋ, ಯಾರಾದರೂ ಪರೀಕ್ಷೆ ಮಾಡಿ ನೋಡಿದ್ದಾರೋ?

ನಾನು: ಮಾಡಿದ್ದಾರೆ ಭಾವ. ಅಲೆಕ್ಸಾಂಡ್ರಾ ಹೊರೊವಿಟ್ಜ್ ಅನ್ನುವ ಸಂಶೋಧಕಿ 2009ರಲ್ಲಿ ಪ್ರಕಟಿಸಿದ್ದು. 14 ನಾಯಿಗಳು. ಮಾಲೀಕರು ತಿಂಡಿ ಇಟ್ಟು "ತಿನ್ನಬೇಡ" ಅಂತ ಹೇಳಿ ಕೋಣೆಯಿಂದ ಆಚೆ ಹೋಗಬೇಕು. ವಾಪಸ್ ಬರುವಾಗ ನಾಯಿ ತಿಂತೋ ಇಲ್ಲವೋ ಅಂತ ಪರೀಕ್ಷೆ ಮಾಡುವವರು ಅವರಿಗೆ ಹೇಳುತ್ತಿದ್ದರು. ತಿಂದಿದೆ ಅಂದರೆ ಮಾಲೀಕರು ಬೈಯಬೇಕು. ಕೆಲವು ಸಲ ಬೇಕಂತಲೇ ಸುಳ್ಳು ಹೇಳುತ್ತಿದ್ದರು. ತಿಂದ ನಾಯಿಗೂ ತಿನ್ನದ ನಾಯಿಗೂ ಮುಖದಲ್ಲಿ ವ್ಯತ್ಯಾಸ ಕಾಣಲಿಲ್ಲ. ಬೈಸಿಕೊಂಡಾಗ ಮಾತ್ರ ಈ ಮುಖ ಜಾಸ್ತಿ ಬಂತು. ತಿನ್ನದೆಯೇ ಬೈಸಿಕೊಂಡಾಗ ಎಲ್ಲಕ್ಕಿಂತ ಜಾಸ್ತಿ. ನಾಯಿಗೆ ಪಶ್ಚಾತ್ತಾಪವೇ ಇಲ್ಲ ಅಂತ ಅವರು ಹೇಳಲಿಲ್ಲ. ಈ ಮುಖ ಅದಕ್ಕೆ ಸಾಕ್ಷಿ ಅಲ್ಲ ಅಂದರು, ಅಷ್ಟೇ.

ಚಿಕ್ಕಮ್ಮ: ತಿನ್ನದೆ ಬೈಸಿಕೊಂಡ ನಾಯಿ ನೆನೆದರೆ ಸಂಕಟ ಆಗುತ್ತದೆ. ನಾನೂ ಎಷ್ಟು ಸಲ ಸುಮ್ನೆ ಬೈದಿದ್ದೇನೋ.

ಅಣ್ಣ: ಸರಿ, ಒಪ್ಪಿದೆ. ಚಪ್ಪಲಿ ಕಚ್ಚಿದರೆ ಮುತ್ತು ಕೊಡಲಾ ಹಾಗಾದರೆ?

ನಾನು: ಮುತ್ತೂ ಬೇಡ, ಬೈಗುಳವೂ ಬೇಡ. ಅವನಿಗೆ ಈಗ ಹಲ್ಲು ಬದಲಾಗುವ ಸಮಯ. 28 ಹಾಲುಹಲ್ಲು ಬಿದ್ದು 42 ಹೊಸ ಹಲ್ಲು ಬರಬೇಕು. ಸುಮಾರು ನಾಲ್ಕನೇ ತಿಂಗಳಿಂದ ಏಳನೇ ತಿಂಗಳವರೆಗೂ ಒಸಡು ನೋಯುತ್ತಾ, ನವೆಯಾಗುತ್ತಾ ಇರುತ್ತದೆ. ಏನಾದರೂ ಕಚ್ಚಲೇಬೇಕು. ಚಪ್ಪಲಿ ಮೇಲಿಡು. ಕಚ್ಚಬಹುದಾದ ವಸ್ತು ಕೆಳಗಿಡು.

ಅತ್ತಿಗೆ: ಬರೀ ಹಲ್ಲಿನ ವಿಷಯ ಅಲ್ಲ ಇದು. ಇವರು ಗುಂಪಿನಲ್ಲಿ ಹೇಳಿಲ್ಲ, ನಾನು ಹೇಳುತ್ತೇನೆ. ನಾವಿಬ್ಬರೂ ಕೆಲಸಕ್ಕೆ ಹೋದ ಮೇಲೆ ಅವನು ಒಂದೇ ಸಮನೆ ಅಳುತ್ತಾನಂತೆ. ಪಕ್ಕದ ಮನೆಯವರು ಎರಡು ಸಲ ಬಂದು ಹೇಳಿದರು. ಬಾಗಿಲ ಚೌಕಟ್ಟಿನ ಬುಡ ಕೆರೆದು ಕೆರೆದು ಮರ ಕಿತ್ತು ಬಂದಿದೆ. ಬೆಳಿಗ್ಗೆ ನಾನು ಕೀ ಕೈಗೆ ತಗೊಂಡರೆ ಸಾಕು, ನಡುಗುತ್ತಾನೆ.

ಸ್ವಲ್ಪ ಹೊತ್ತು ಯಾರೂ ಏನೂ ಬರೆಯಲಿಲ್ಲ.

ನಾನು: ದಿನಕ್ಕೆ ಎಷ್ಟು ಹೊತ್ತು ಒಬ್ಬನೇ ಇರುತ್ತಾನೆ?

ಅತ್ತಿಗೆ: ಒಂಬತ್ತು ಗಂಟೆ. ಕೆಲವು ದಿನ ಹತ್ತು.

ಅಣ್ಣ: ಏನು ಮಾಡಲಿ ಹೇಳಿ? ಕೆಲಸ ಬಿಡೋಕಾಗುತ್ತದಾ? ಹೀಗೇ ಆದರೆ ಯಾರಿಗಾದರೂ ಕೊಟ್ಟುಬಿಡುವುದೇ ವಾಸಿ. ನನಗೂ ಸುಸ್ತಾಗಿದೆ.

ನಾನು: ಅಣ್ಣಾ, ಈ ಮಾತು ಓದಿ ಹೊಟ್ಟೆ ಉರಿಯಿತು. ಹೋದ ತಿಂಗಳು ನಿನಗೆ ಜ್ವರ ಬಂದಾಗ ಮೂರು ದಿನ ನಿನ್ನ ಪಾದದ ಮೇಲೆ ತಲೆ ಇಟ್ಟು ಮಲಗಿದ್ದ, ನೀನೇ ಫೋಟೋ ಕಳಿಸಿದ್ದೆ. ಐದು ತಿಂಗಳ ಮರಿ ಮೂತ್ರ ತಡೆದುಕೊಳ್ಳುವುದೇ ಐದಾರು ಗಂಟೆ. ಹತ್ತು ಗಂಟೆ ಅವನ ಕೈಲಿ ಆಗದ ಕೆಲಸ. ಆಗದ ಕೆಲಸ ಕೊಟ್ಟು, ಸಂಜೆ ಬಂದು ಬೈದು, ಅದನ್ನು ವಿಡಿಯೋ ಮಾಡಿ ನಾವೆಲ್ಲ ನಕ್ಕಿದ್ದೇವೆ. ನಿನ್ನೊಬ್ಬನಿಗೆ ಹೇಳುತ್ತಿಲ್ಲ.

ಅಣ್ಣ: ಕೋಪದಲ್ಲಿ ಬರೆದೆ. ಕೊಡುವುದಿಲ್ಲ.

ಅತ್ತಿಗೆ: ಕೊಡೋಕೆ ನಾನು ಬಿಡೋದೂ ಇಲ್ಲ.

ನಾನು: ಕೀ ವಿಷಯಕ್ಕೆ ಒಂದು ದಾರಿ ಇದೆ ಅತ್ತಿಗೆ. ರಜೆ ದಿನ ಸುಮ್ನೆ ಕೀ ಎತ್ತಿಕೊಳ್ಳಿ, ಎಲ್ಲಿಗೂ ಹೋಗಬೇಡಿ, ಕೂತುಬಿಡಿ. ದಿನಕ್ಕೆ ಹತ್ತು ಸಲ. ಕೀ ಶಬ್ದಕ್ಕೆ ಅವನು ತಲೆ ಎತ್ತದಿರುವ ತನಕ. ಆಮೇಲೆ ಬಾಗಿಲು ಹಾಕಿಕೊಂಡು ಅರ್ಧ ನಿಮಿಷ ಆಚೆ ನಿಂತು ವಾಪಸ್ ಬನ್ನಿ. ಆಮೇಲೆ ಒಂದು ನಿಮಿಷ, ಎರಡು ನಿಮಿಷ. ಅವನು ಅಳಲು ಶುರು ಮಾಡುವ ಮೊದಲೇ ಬರಬೇಕು, ಅದು ಮುಖ್ಯ. ವಾರಗಟ್ಟಲೆ ಹಿಡಿಯುತ್ತದೆ. ಚೌಕಟ್ಟು ಕೆರೆಯುವಷ್ಟು ಆಗಿದ್ದರೆ ಪಶುವೈದ್ಯರಿಗೂ ತೋರಿಸಿ. ಫೋನಿನಲ್ಲಿ ಒಂದು ಗಂಟೆ ರೆಕಾರ್ಡ್ ಮಾಡಿಕೊಂಡು ಹೋಗಿ, ಅವರಿಗೆ ಬೇಗ ಅರ್ಥವಾಗುತ್ತದೆ. ಆದರೆ ಇದೆಲ್ಲ ಆಗುವ ತನಕ ಮಧ್ಯಾಹ್ನ ಯಾರಾದರೂ ಅವನ ಜೊತೆ ಇರಲೇಬೇಕು.

ಚಿಕ್ಕಮ್ಮ: ನಾನು ಬರುತ್ತಿದ್ದೆ. ನಮ್ಮ ನಾಯಿಗೆ ಹದಿಮೂರು ವರ್ಷ, ಕಿವಿ ಕೇಳಿಸುವುದಿಲ್ಲ. ನಾನು ಕೋಣೆ ಬಿಟ್ಟು ಹೋಗಿದ್ದು ಗೊತ್ತಾಗದೆ ಮನೆಯೆಲ್ಲ ಹುಡುಕುತ್ತಾನೆ. ಈಗ ಎದ್ದು ಹೋಗುವಾಗ ಅವನ ಬೆನ್ನು ಮುಟ್ಟಿ ಹೋಗುತ್ತೇನೆ. ಬಿಟ್ಟು ಬರೋಕಾಗಲ್ಲ ಕಣೋ.

ದೊಡ್ಡಪ್ಪ: ಮಗಳೇ, ಬೆಳಿಗ್ಗೆ ನಾನು ಪೇಪರ್ ಪೆಟ್ಟಿನ ಮಾತು ಬರೆದೆನಲ್ಲ. ಆಗಿನಿಂದ ಒಂದು ವಿಷಯ ತಲೆಯಲ್ಲಿ ಸುತ್ತುತ್ತಿದೆ. ನಮ್ಮ ನಾಯಿ ಹನ್ನೊಂದು ವರ್ಷ ಬದುಕಿತ್ತು. ಮರಿಯಾಗಿದ್ದಾಗ ಬಿಟ್ಟರೆ ಆಮೇಲೆ ನಾನು ಹೊಡೆದೇ ಇಲ್ಲ. ಆದರೂ ನಾನು ಓದಿ ಮುಗಿಸಿ ಪೇಪರ್ ಮಡಚಿದರೆ ಎದ್ದು ಹೊರಗೆ ಹೋಗಿಬಿಡುತ್ತಿತ್ತು. ಕೊನೇ ವರ್ಷದವರೆಗೂ. ಅದರ ಸ್ವಭಾವ ಅಂದುಕೊಂಡಿದ್ದೆ.

ಅಣ್ಣ: ದೊಡ್ಡಪ್ಪಾ...

ದೊಡ್ಡಪ್ಪ: ಇರಲಿ ಬಿಡೋ. ನನಗೆ ಹಗಲು ಹೊತ್ತು ಕೆಲಸ ಏನಿದೆ? ಒಂದು ಕೀ ನನಗೂ ಕೊಡು. ಹನ್ನೆರಡಕ್ಕೆ ಬಂದು ಮೂರು ಗಂಟೆಯವರೆಗೆ ಇರುತ್ತೇನೆ. ಅವನನ್ನು ಸುತ್ತಾಡಿಸಿ ಬರುತ್ತೇನೆ.

ಅತ್ತಿಗೆ: ನಿಜವಾಗಲೂ ಬರುತ್ತೀರಾ ದೊಡ್ಡಪ್ಪ? ಸೋಮವಾರದಿಂದಲೇ?

ದೊಡ್ಡಪ್ಪ: ಸೋಮವಾರದಿಂದಲೇ. ನನ್ನ ಹಳೇ ಚಪ್ಪಲಿ ಒಂದು ಜೊತೆ ಇದೆ. ಕಚ್ಚೋಕೆ ತಂದುಕೊಡಲಾ?

ನಾನು: ಬೇಡ ದೊಡ್ಡಪ್ಪ. ಹಳೇದು ಯಾವುದು, ಹೊಸದು ಯಾವುದು ಅಂತ ಅವನಿಗೆ ಗೊತ್ತಾಗುವುದಿಲ್ಲ. ಚಪ್ಪಲಿ ಅಂದರೆ ಕಚ್ಚುವ ವಸ್ತು ಅಂದುಕೊಳ್ಳುತ್ತಾನೆ.

ದೊಡ್ಡಪ್ಪ: ಹೌದಲ್ಲ. ದಪ್ಪ ಹಗ್ಗ ಇದೆ. ಗಂಟು ಹಾಕಿ ತರಲಾ?

ನಾನು: ತನ್ನಿ. ಆದರೆ ಎಳೆ ಬಿಚ್ಚಿಕೊಂಡರೆ ತಕ್ಷಣ ತೆಗೆದಿಡಿ. ದಾರ ನುಂಗಿದರೆ ಕರುಳಿಗೆ ಅಪಾಯ.

ದೊಡ್ಡಪ್ಪ: ಪಕ್ಕದಲ್ಲೇ ಕೂತಿರುತ್ತೇನೆ. ಪೇಪರ್ ತರುವುದಿಲ್ಲ.