ಬೆನ್ನುಹುರಿ, ಬೆನ್ನುಮೂಳೆ, ಬೆನ್ನಮಣಿ: ಯಾವುದು ಯಾವುದಕ್ಕೆ?

ಬಲ್ಲವರೇ,

ಹೋದ ತಿಂಗಳು ತಂಗಿಯ ಹೆರಿಗೆಗೆಂದು ಆಸ್ಪತ್ರೆಯಲ್ಲಿದ್ದೆವು. ಸಿಸೇರಿಯನ್ ಎಂದು ತೀರ್ಮಾನವಾದಾಗ ಕನ್ನಡದಲ್ಲಿ ಅಚ್ಚಾದ ಒಪ್ಪಿಗೆ ಪತ್ರ ಕೊಟ್ಟರು. ಅದರಲ್ಲಿ ‘ಬೆನ್ನುಹುರಿಯೊಳಗೆ ಅರಿವಳಿಕೆ ಚುಚ್ಚುಮದ್ದು’ ಎಂದಿತ್ತು. ಓದಿದವಳೇ ಪೆನ್ನು ಕೆಳಗಿಟ್ಟಳು. ‘ಹುರಿಗೇ ಚುಚ್ಚಿದ್ರೆ ಕಾಲು ಬಿದ್ದುಹೋಗಲ್ವೇನಕ್ಕಾ?’ ಅಂದಳು. ಅವಳು ಹೆದರಿದ್ದರಲ್ಲಿ ತಪ್ಪಿರಲಿಲ್ಲ, ತಪ್ಪು ಆ ಪದದಲ್ಲಿತ್ತು. ದೊಡ್ಡವರಲ್ಲಿ ಬೆನ್ನುಹುರಿ ಸೊಂಟದ ಮೊದಲನೆಯ ಅಥವಾ ಎರಡನೆಯ ಮೂಳೆಯ ಹತ್ತಿರವೇ ಮುಗಿದುಹೋಗುತ್ತದೆ. ಸೂಜಿ ಹಾಕುವುದು ಅದಕ್ಕಿಂತ ಕೆಳಗೆ, ಹೆಚ್ಚಾಗಿ ಮೂರನೆಯ ಮತ್ತು ನಾಲ್ಕನೆಯ ಮೂಳೆಗಳ ನಡುವಿನ ಸಂದಿನಲ್ಲಿ. ಅಲ್ಲಿರುವುದು ತಿಳಿನೀರಿನಂಥ ದ್ರವ ತುಂಬಿದ ಚೀಲ, ಅದರಲ್ಲಿ ಇಳಿಬಿದ್ದ ನರದ ಎಳೆಗಳು. ಹುರಿಗೆ ಸೂಜಿ ತಾಗಬಾರದೆಂದೇ ಆ ಜಾಗ ಆರಿಸುತ್ತಾರೆ. ಅರಿವಳಿಕೆಯ ಡಾಕ್ಟರಮ್ಮ ಕೂತು ಇದನ್ನೆಲ್ಲ ಬಿಡಿಸಿ ಹೇಳಿದ ಮೇಲೆ ತಂಗಿ ಸಹಿ ಹಾಕಿದಳು. ಆ ಪತ್ರದಲ್ಲಿ ‘ಬೆನ್ನಿನ ಸಂದಿಗೆ ಚುಚ್ಚುಮದ್ದು’ ಎಂದಿದ್ದರೆ ಸಾಕಾಗುತ್ತಿತ್ತು.

ಅಂದಿನಿಂದ ಈ ಪದಗಳು ನನ್ನನ್ನು ಬಿಟ್ಟಿಲ್ಲ. ಪತ್ರಿಕೆಗಳಲ್ಲಿ ‘ಅಪಘಾತದಲ್ಲಿ ಬೆನ್ನುಹುರಿ ಮುರಿದಿದೆ’ ಎಂದು ಓದಿದಾಗಲೆಲ್ಲ ತಡೆಯುತ್ತೇನೆ. ಹುರಿ ಮುರಿಯುತ್ತದೆಯೇ? ಹುರಿ ಹರಿಯಬಹುದು, ಜಜ್ಜಿಹೋಗಬಹುದು. ಮುರಿಯುವುದು ಮೂಳೆ. ಯಾವ ವಸ್ತುವಿಗೆ ಯಾವ ಕ್ರಿಯಾಪದ ಎಂಬುದನ್ನು ಕನ್ನಡ ಇಷ್ಟು ಚೆನ್ನಾಗಿ ಬೇರೆ ಮಾಡಿಟ್ಟಿದ್ದರೂ ನಾವು ಎರಡನ್ನೂ ಕಲಸುತ್ತಿದ್ದೇವೆ. ಇದು ಬರೀ ವ್ಯಾಕರಣದ ಮಾತೂ ಅಲ್ಲ. ಮೂಳೆ ಮುರಿದು ಹುರಿ ಉಳಿದವರು ಎದ್ದು ನಡೆಯುತ್ತಾರೆ. ಹುರಿ ಹರಿದವರ ಕಥೆಯೇ ಬೇರೆ.

ಶಾಲೆಯ ವಿಜ್ಞಾನ ಪುಸ್ತಕದಲ್ಲಿ ಹುರಿಗೆ ‘ಮೆದುಳುಬಳ್ಳಿ’ ಎಂಬ ಇನ್ನೊಂದು ಹೆಸರಿದೆ. ನನಗೆ ಅದೇ ಹೆಚ್ಚು ಹಿಡಿಸುತ್ತದೆ. ಹೊಕ್ಕುಳಬಳ್ಳಿ, ಕರುಳಬಳ್ಳಿ ಎಂದು ಮೈಯೊಳಗಿನದಕ್ಕೆ ‘ಬಳ್ಳಿ’ ಎನ್ನುವುದು ನಮ್ಮ ಬಾಯಿಗೆ ಹಳೆಯದು. ಹುರಿ ಎಂದರೆ ಹೊಸೆದದ್ದು, ಬಳ್ಳಿ ಎಂದರೆ ಚಿಗುರಿದ್ದು. ಮೆದುಳಿನಿಂದ ಇಳಿದು ಎಡಕ್ಕೂ ಬಲಕ್ಕೂ 31 ಜೊತೆ ನರಗಳನ್ನು ಚಾಚುವ ಈ ಅಂಗಕ್ಕೆ ಬಳ್ಳಿಗಿಂತ ಒಪ್ಪುವ ಮಾತು ಯಾವುದಿದೆ? ಎಲ್ಲಕ್ಕಿಂತ ಮಿಗಿಲಾಗಿ, ಅದು ಬೆನ್ನಿನ ಎಲುಬಿನ ಜೊತೆ ಗೊಂದಲವಾಗದು. ತೆಲುಗರು ಇದನ್ನು ‘ವೆನ್ನುಪಾಮು’ ಎನ್ನುತ್ತಾರೆ, ಬೆನ್ನಿನ ಹಾವು! ಎಲುಬಿಗೆ ಅವರದು ‘ವೆನ್ನೆಮುಕ’. ಅಲ್ಲೂ ಎರಡು ಬೇರೆ ಬೇರೆಯಾಗಿ ನಿಂತಿವೆ.

ಇನ್ನು ಎಲುಬಿನ ಕಡೆಯ ತೊಡಕು. ನಾನು ಹಾಸನದ ಕಡೆಯವಳು, ನಮ್ಮಲ್ಲಿ ಮೂಳೆ. ಗಂಡನ ಮನೆ ಗದಗ, ಅಲ್ಲಿ ಎಲುಬು. ಆದರೆ ಪಕ್ಕೆಲುಬು, ಬೆನ್ನೆಲುಬು ಎನ್ನುವಾಗ ನಮ್ಮೂರಲ್ಲೂ ಎಲುಬೇ. ತೊಡಕಿರುವುದು ಅದರಲ್ಲಲ್ಲ. ಬೆನ್ನೆಲುಬು ಎಂದಾಗ ಇಡೀ ಕಂಬವೋ, ಅದರ ಒಂದು ತುಂಡೋ? ಹುಟ್ಟುವಾಗ 33 ತುಂಡು: ಕತ್ತಿನಲ್ಲಿ 7, ಎದೆಯ ಹಿಂದೆ 12, ಸೊಂಟದಲ್ಲಿ 5. ಅದರ ಕೆಳಗಿನ 5 ಬೆಸೆದು ಒಂದಾಗುತ್ತವೆ, ತುದಿಯ 4 ಸಾಮಾನ್ಯವಾಗಿ ಬೆಸೆದು ಇನ್ನೊಂದಾಗುತ್ತವೆ. ಈ ಒಂದೊಂದು ತುಂಡಿಗೆ ಪುಸ್ತಕಗಳು ‘ಕಶೇರುಕ’ ಎನ್ನುತ್ತವೆ. ಅದೇ ಪದವನ್ನು ಬೆನ್ನೆಲುಬಿರುವ ಪ್ರಾಣಿಗೂ ಬಳಸುತ್ತವೆ. ಹಾಗಾದರೆ ‘ಜಿರಾಫೆಯ ಕತ್ತಿನಲ್ಲೂ 7 ಕಶೇರುಕಗಳಿವೆ’ ಎಂದರೆ ಮಗು ಏನೆಂದು ತಿಳಿಯಬೇಕು? ಸಂಸ್ಕೃತದಲ್ಲಿ ಕಶೇರು ಎಂದರೆ ಬೆನ್ನೆಲುಬೇ, ಒಂದು ಬಗೆಯ ಜೊಂಡಿನ ಗೆಡ್ಡೆಗೂ ಅದೇ ಹೆಸರು.

ನನ್ನ ಸೂಚನೆ ‘ಬೆನ್ನಮಣಿ’. ತುದಿಯ ತುಂಡುಗಳನ್ನು ಬಿಟ್ಟರೆ, ದಾರದಲ್ಲಿ ಪೋಣಿಸಿದ ಮಣಿಯಂತೆ ಪ್ರತಿ ತುಂಡಿಗೂ ನಡುವೆ ತೂತಿದೆ, ಬಳ್ಳಿಯೂ ಅದು ಮುಗಿದ ಮೇಲೆ ಅದರ ನರಗಳೂ ಹಾದುಹೋಗುವುದು ಅದರಲ್ಲೇ. ಕತ್ತಿನ ಮಣಿ, ಎದೆಮಣಿ, ಸೊಂಟದ ಮಣಿ ಎನ್ನಬಹುದು. ಗದಗದ ಅತ್ತೆಯವರಿಗೆ ಅದು ಟೊಂಕದ ಮಣಿ. ಬೆನ್ನೆಲುಬು ಎಂಬ ಮಾತು ಇಡೀ ಸರಕ್ಕೆ ಉಳಿಯಲಿ.

ಮಣಿಗಳ ನಡುವಿನ ಡಿಸ್ಕಿಗೆ ಮಾತ್ರ ನನಗೆ ಪದ ಸಿಕ್ಕಿಲ್ಲ. ಒಟ್ಟು 23 ಇವೆ. ತಲೆ ಅಲ್ಲಾಡಿಸಿ ‘ಬೇಡ’ ಎನ್ನಲು ತಿರುಗುವ ಮೇಲಿನ ಎರಡು ಮಣಿಗಳ ನಡುವೆ ಇಲ್ಲ. ಬಿಲ್ಲೆ ಎನ್ನೋಣವೆಂದರೆ ಅದು ಗಟ್ಟಿ, ಇದು ಮೆತ್ತಗಿನದು. ಮೆತ್ತೆ ಎಂದರೆ ಹಾಸಿಗೆಯ ನೆನಪು. ‘ಡಿಸ್ಕ್ ಜಾರಿದೆ’ ಎಂಬ ಮಾತಂತೂ ದಾರಿ ತಪ್ಪಿಸುತ್ತದೆ. ಅದು ಎಲ್ಲಿಗೂ ಜಾರುವುದಿಲ್ಲ. ಹೋಳಿಗೆಯ ಕಣಕ ಹರಿದು ಹೂರಣ ಹೊರಬಂದಂತೆ ಸುತ್ತಲಿನ ನಾರಿನ ಬಳೆ ಹರಿದು ಒಳಗಿನ ತಿರುಳು ಹೊರಚಾಚಿ ಪಕ್ಕದ ನರವನ್ನು ಒತ್ತುತ್ತದೆ. ಸೊಂಟದ ಕೊನೆಯ ಎರಡು ಡಿಸ್ಕುಗಳಲ್ಲೇ ಇದು ಹೆಚ್ಚು. ಜಾರಿದ್ದನ್ನು ತಳ್ಳಿ ಕೂರಿಸಬಹುದೆಂದು ನಂಬಿ ಬೆನ್ನು ತುಳಿಸಿಕೊಳ್ಳುವವರನ್ನು ಕಂಡಿದ್ದೇನೆ, ಅದಕ್ಕೇ ಈ ಪದದ ಮೇಲೆ ನನಗೆ ಇಷ್ಟು ಸಿಟ್ಟು. ‘ಡಿಸ್ಕ್ ಉಬ್ಬಿದೆ’, ‘ಡಿಸ್ಕ್ ಹರಿದಿದೆ’ ಎಂದರೆ ಹೆಚ್ಚು ನಿಜ.

ಹುರಿ ಮುಗಿದ ಮೇಲೆ ಇಳಿಬೀಳುವ ಆ ನರದ ಗೊಂಚಲಿಗೆ ಲ್ಯಾಟಿನ್ನಿನಲ್ಲಿ ಕುದುರೆಬಾಲವೆಂದೇ ಹೆಸರು. ನಮ್ಮ ಹೆಂಗಸರು ಜಡೆಗೆ ಸೇರಿಸುವ ‘ಚವರಿ’ ಅದಕ್ಕೆ ಹೇಗಿರುತ್ತದೆ?

ನಿಮ್ಮ ಕಡೆ ಬೆನ್ನಿನ ಒಂದೊಂದು ತುಂಡಿಗೆ ಹೆಸರಿದೆಯೇ? ಎಲುಬು ಕೂಡಿಸುವ ನಾಟಿ ವೈದ್ಯರು, ಗರಡಿಮನೆಯ ಉಸ್ತಾದರು, ಕುರಿ ಕೊಯ್ಯುವವರು ಇವನ್ನು ದಿನವೂ ಮುಟ್ಟುವವರು. ಅವರ ಬಾಯಲ್ಲಿ ಕೇಳಿದ ಪದವಿದ್ದರೆ ಯಾವ ಊರಿನದೆಂದು ಸೇರಿಸಿ ತಿಳಿಸಿ. ಮಣಿಗಿಂತ ಒಳ್ಳೆಯದು ಸಿಕ್ಕರೆ ಮಣಿಯನ್ನು ಸಂತೋಷದಿಂದ ಬಿಡುತ್ತೇನೆ.