ಸಹಾಯ ಬೇಕು: ಹೋಟೆಲ್ ಊಟದಿಂದ ಅಮ್ಮನಿಗೆ ಹುಷಾರು ತಪ್ಪಿದೆ, ಹಾಸನದಲ್ಲಿ ದೂರು ಕೊಟ್ಟವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ಭಾನುವಾರ ಬೇಲೂರಿಗೆ ಹೋಗಿ ಬರುವಾಗ ಹಾಸನದ ಒಂದು ಹೋಟೆಲ್‌ನಲ್ಲಿ ಊಟ ಮಾಡಿದೆವು. ರಾತ್ರಿಯಿಂದಲೇ ಅಮ್ಮನಿಗೆ ವಾಂತಿ ಭೇದಿ, ಎರಡು ಬಾಟಲ್ ಡ್ರಿಪ್ ಹಾಕಿಸಿದ ಮೇಲೆ ಈಗ ಸ್ವಲ್ಪ ಗಂಜಿ ಕುಡಿಯುತ್ತಿದ್ದಾರೆ. ನನಗೆ ಮೊಸರನ್ನದ ಮೇಲೇ ಅನುಮಾನ, ಜಾಸ್ತಿ ಹುಳಿ ವಾಸನೆ ಬರ್ತಿತ್ತು. ಕೈ ತೊಳೆಯಲು ಹೋದಾಗ ನೋಡಿದೆ, ಅಡುಗೆಮನೆ ಬಾಗಿಲಲ್ಲಿ ಹೆಚ್ಚಿದ ಈರುಳ್ಳಿ ತಟ್ಟೆ ಪಕ್ಕದಲ್ಲೇ ನೆಲ ಒರೆಸುವ ಬಟ್ಟೆ ಹಿಂಡುತ್ತಿದ್ದರು. ಮ್ಯಾನೇಜರ್‌ಗೆ ಫೋನ್ ಮಾಡಿದರೆ "ಬೇರೆ ಯಾರಿಗೂ ಏನೂ ಆಗಿಲ್ಲ ಸಾರ್" ಅಂದುಬಿಟ್ಟರು.

ಬಿಲ್ ಇದೆ, ಗೋಡೆ ಮೇಲಿದ್ದ, ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಯ ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ನಂಬರಿನ ಫೋಟೋನೂ ಇದೆ. ಫುಡ್ ಸೇಫ್ಟಿ ಕನೆಕ್ಟ್ ಆ್ಯಪ್‌ನಲ್ಲಿ ದೂರು ಹಾಕುತ್ತೇನೆ. ಆದರೆ ಜಿಲ್ಲೆಯ ಅಂಕಿತಾಧಿಕಾರಿಗೆ (ಆಹಾರ ಸುರಕ್ಷತೆ ನೋಡಿಕೊಳ್ಳುವ ಅಧಿಕಾರಿ) ನೇರವಾಗಿ ಬರೆದು ಕೊಟ್ಟರೆ ತಪಾಸಣೆ ಬೇಗ ಆಗುತ್ತಾ? ಆಸ್ಪತ್ರೆ ಚೀಟಿ ಸಾಕಾ? ಗ್ರಾಹಕರೇ ಶುಲ್ಕ ಕಟ್ಟಿ ಆಹಾರ ಪರೀಕ್ಷೆ ಮಾಡಿಸಲು 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯಲ್ಲಿ ಅವಕಾಶ ಇದೆ, ಆದರೆ ಅವತ್ತಿನ ಊಟ ನಮ್ಮ ಹತ್ತಿರ ಉಳಿದಿಲ್ಲವಲ್ಲ.

ನನಗೆ ದುಡ್ಡು ವಾಪಸ್ ಬೇಡ. ಯಾರಾದರೂ ಆ ಅಡುಗೆಮನೆ ಒಳಗೆ ಹೋಗಿ ನೋಡಬೇಕು ಅಷ್ಟೇ, ನಾವು ಏಳುವಾಗ ಒಂದು ಬಸ್ ತುಂಬ ಸ್ಕೂಲ್ ಮಕ್ಕಳು ಬಂದು ಅಲ್ಲೇ ಊಟಕ್ಕೆ ಕೂತರು. ಮೊದಲು ಇಂಥ ದೂರು ಕೊಟ್ಟವರು ದಯವಿಟ್ಟು ತಿಳಿಸಿ.